ಕೋಟೆಗೂ ಕೊಕ್ಕರೆಗೂ ಒಂದೇ ಕಟ್ಟೆ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ ತೆರ. ರಂಗನಾಥನ ದರ್ಶನ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಕಾಲು ತೊಳೆದು ಬುತ್ತಿ ಬಿಚ್ಚುವುದು. ಹೊತ್ತು ಉಳಿದಿದ್ದರೆ, ಮಕ್ಕಳು ಹಟ ಹಿಡಿದರೆ, ರಂಗನತಿಟ್ಟು. ಕೋಟೆ ಇತಿಹಾಸದ ಲೆಕ್ಕಕ್ಕೆ, ಹಕ್ಕಿ ಪ್ರಕೃತಿಯ ಲೆಕ್ಕಕ್ಕೆ ಎಂದು ನಾವೇ ಜಮಾ ಮಾಡಿಟ್ಟುಬಿಟ್ಟಿದ್ದೇವೆ. ಇಲಾಖೆಗಳೂ ಹಾಗೆಯೇ ಹಂಚಿಕೊಂಡಿವೆ. ಕಲ್ಲು ಪುರಾತತ್ವದವರದ್ದು, ಕೊಕ್ಕರೆ ಅರಣ್ಯದವರದ್ದು.

ಆದರೆ ರಂಗನತಿಟ್ಟಿನ ಹುಟ್ಟು ಹುಡುಕಿ ಹೊರಟರೆ ಅದು ಸಿಗುವುದು ಶ್ರೀರಂಗಪಟ್ಟಣದ ಅರಮನೆಯಲ್ಲಿ.

ಮೊದಲು ಪುರಾಣ. ಕಾವೇರಿ ಇಲ್ಲಿ ಕವಲಾಗಿ ಒಂದು ನಡುಗಡ್ಡೆಯನ್ನು ತಬ್ಬಿಕೊಳ್ಳುತ್ತಾಳೆ. ಊರಿಗೆ ಪಶ್ಚಿಮಕ್ಕೆ, ಹೊಳೆಯ ನಡುವೆಯೇ ಇರುವುದು ಗೌತಮ ಕ್ಷೇತ್ರ. ಗೌತಮ ಋಷಿ ಅಲ್ಲಿ ತಪಸ್ಸು ಮಾಡಿ ರಂಗನಾಥನನ್ನು ಕಂಡನೆಂಬುದು ಸ್ಥಳಪುರಾಣ. ಈ ಸೀಮೆಯಲ್ಲಿ ಪುರಾಣಕ್ಕೆ ಬರವಿಲ್ಲ ಬಿಡಿ. ಪಾಂಡವಪುರದ ಪಕ್ಕದ ಬೆಟ್ಟಕ್ಕೆ ಕುಂತಿಯ ಹೆಸರು, ಮೇಲುಕೋಟೆಯ ಧನುಷ್ಕೋಟಿಗೆ ರಾಮನ ಬಾಣದ ಕಥೆ. ಶಾಸನದ ಲೆಕ್ಕಕ್ಕೆ ಬಂದರೆ ಶ್ರೀರಂಗಪಟ್ಟಣದ ಗುಡಿಯ ಕಾಲ ಕ್ರಿ.ಶ. 894, ಗಂಗರ ಆಳ್ವಿಕೆ. ಕಟ್ಟಿಸಿದವನು ತಿರುಮಲಯ್ಯ. 1454ರಲ್ಲಿ ವಿಜಯನಗರದ ಅಪ್ಪಣೆ ಪಡೆದು ಕೋಟೆ ಕಟ್ಟಲು ತೊಡಗಿದವನು ನಾಗಮಂಗಲದ ತಿಮ್ಮಣ್ಣ ದಂಡನಾಯಕ. ಅವನಿಗೆ ನಿಧಿ ಸಿಕ್ಕಿತೆಂದೂ ಕಳಸವಾಡಿಯ 101 ಬಸದಿಗಳ ಕಲ್ಲು ತಂದು ರಂಗನಾಥನ ಗುಡಿ ಹಿಗ್ಗಿಸಿದನೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ. ನಿಧಿಯ ಮಾತು ಹೇಗೂ ಇರಲಿ, ಬಸದಿಯ ಮಾತು ಓದುವಾಗ ಮನಸ್ಸು ಪಿಚ್ಚೆನ್ನುತ್ತದೆ. 1610ರಲ್ಲಿ ರಾಜ ಒಡೆಯರ್ ಪಟ್ಟಣ ಹಿಡಿದರು. ಮೈಸೂರಿನ ರಾಜಧಾನಿ ಇಲ್ಲಿಗೆ ಬಂತು.

ನಮ್ಮ ಕಥೆ ಶುರುವಾಗುವುದು ಇಲ್ಲಿಂದ. ರಾಜಧಾನಿಯೆಂದರೆ ದಂಡು, ಕುದುರೆ, ಪೇಟೆ, ಗುಡಿ, ತೋಟ. ಸುತ್ತ ಹೊಳೆ ಹರಿಯುತ್ತಿದ್ದರೂ ಹೊಳೆ ತಗ್ಗಿನಲ್ಲಿ, ಊರು ದಿಬ್ಬದಲ್ಲಿ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ್ ಇದಕ್ಕೊಂದು ದಾರಿ ಕಂಡುಕೊಂಡರು. ಪಟ್ಟಣಕ್ಕೆ ಮೇಲುಗಡೆ, ಈಗಿನ ಪಾಲಹಳ್ಳಿಯ ಹತ್ತಿರ, 1645ರಿಂದ 1648ರ ನಡುವೆ ಹೊಳೆಗೆ ಅಡ್ಡಲಾಗಿ ಒಂದು ಕಲ್ಲಿನ ಕಟ್ಟೆ ಹಾಕಿಸಿದರು. ಅಲ್ಲಿಂದ ಹೊರಟದ್ದೇ ಬಂಗಾರದೊಡ್ಡಿ ನಾಲೆ. ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ನೀರು ನಡುಗಡ್ಡೆಯ ಊರಿಗೆ ಬರುವಂತೆ ಮಾಡಿದ್ದು ಈ ನಾಲೆಯ ಹೆಚ್ಚುಗಾರಿಕೆ. ಹೊಳೆಯ ಮೇಲೆ ಹೊಳೆಯ ನೀರನ್ನೇ ಸೇತುವೆ ಕಟ್ಟಿ ದಾಟಿಸುವುದು ಆ ಕಾಲಕ್ಕೆ ಸಣ್ಣ ಕೆಲಸವೇನಲ್ಲ. ಕಂಠೀರಾಯ ಹಣ ಟಂಕಿಸಿದ ಅರಸರೆಂದು, ಬಿಜಾಪುರದ ರಣದುಲ್ಲಾ ಖಾನನನ್ನು ಹಿಮ್ಮೆಟ್ಟಿಸಿದವರೆಂದು ಅವರನ್ನು ನೆನೆಯುತ್ತೇವೆ. ಈ ಕಟ್ಟೆಯ ಹೆಸರಿನಲ್ಲಿ ನೆನೆಯುವವರು ಕಡಿಮೆ.

ಕಟ್ಟೆಯೇನು ಎತ್ತರದ್ದಲ್ಲ. ಹೊಳೆ ನಿಲ್ಲಿಸಬೇಕೆಂಬ ಆಸೆಯೂ ಅದಕ್ಕಿಲ್ಲ. ನೀರನ್ನು ಒಂದಿಷ್ಟು ಏರಿಸಿ, ಬೇಕಾದಷ್ಟನ್ನು ನಾಲೆಗೆ ತಿರುಗಿಸಿ, ಮಿಕ್ಕಿದ್ದನ್ನು ತಲೆಯ ಮೇಲಿಂದ ಹರಿಯಬಿಡುತ್ತದೆ. ಬಲಮುರಿಯಲ್ಲಿ ನೀವು ಕಾಲು ಇಳಿಬಿಟ್ಟು ಕೂತಿರುತ್ತೀರಲ್ಲ, ಅದೇ ಜಾತಿಯ ಕಟ್ಟೆ. ಆದರೆ ನೀರು ಅಷ್ಟು ಏರಿದ್ದೇ ಸಾಕಾಯಿತು. ಮೇಲುಗಡೆ ಹೊಳೆಯ ಓಟ ತಗ್ಗಿ ಮಡುವಾಯಿತು. ಪಾತ್ರದಲ್ಲಿದ್ದ ದಿಣ್ಣೆಗಳ, ಬಂಡೆಗಳ ಬುಡ ಮುಳುಗಿ ನೆತ್ತಿ ಮಾತ್ರ ಉಳಿಯಿತು. ಆ ನೆತ್ತಿಗಳೇ ರಂಗನತಿಟ್ಟಿನ ತಿಟ್ಟುಗಳು. ಬಂಡೆಯ ಸಂದಿನಲ್ಲಿ ಗೋಡು ಕೂತು, ಹೊಳೆಮತ್ತಿ ಬೇರುಬಿಟ್ಟು, ಬಿದಿರು ಹಬ್ಬಿತು. ಪಟ್ಟಣಕ್ಕೆ ನೀರು ಕೊಡಲು ಹೋದ ಅರಸರು, ತಮಗೇ ತಿಳಿಯದ ಹಾಗೆ, ಹಕ್ಕಿಗೆ ಕೇರಿ ಕಟ್ಟಿಕೊಟ್ಟಿದ್ದರು.

ಹಕ್ಕಿಗೆ ಇಲ್ಲೇನು ಅನುಕೂಲ? ಗೂಡು ಕಟ್ಟುವ ನೀರುಹಕ್ಕಿಗೆ ಬೇಕಾದದ್ದು ಎರಡೇ: ಮರಿಗೆ ಕಾವಲು, ಹೊಟ್ಟೆಗೆ ಕೂಳು. ಸುತ್ತ ನೀರಿರುವ ತಿಟ್ಟಿಗೆ ನರಿ, ನಾಯಿ, ಮುಂಗುಸಿ ಸುಲಭಕ್ಕೆ ದಾಟಲಾರವು. ದಾಟುವ ಮನಸ್ಸು ಮಾಡಿದರೆ ಕೆಳಗೆ ಮೊಸಳೆ ಇದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಕಂಡು ದೋಣಿಯಲ್ಲಿದ್ದವರು ಹೌಹಾರುತ್ತಾರೆ. ಪಾಪ, ಅದು ಬಾಯಿ ತೆರೆಯುವುದು ಮೈ ತಂಪಾಗಲೆಂದು. ಅದರ ಬಾಡಿಗೆ ಗೂಡಿನಿಂದ ಜಾರಿಬಿದ್ದ ಮರಿ. ಇನ್ನು ಕೂಳಿನ ಮಾತು: ಹೊಳೆಯಲ್ಲಿ ಮೀನು, ದಡ ಹತ್ತಿದರೆ ನಾಲೆ ನೀರಿನ ಗದ್ದೆಯಲ್ಲಿ ಏಡಿ, ಕಪ್ಪೆ, ಬಸವನಹುಳು.

ಈ ಬಸವನಹುಳುವಿನ ಊಟವನ್ನು ಒಮ್ಮೆ ಗಮನಿಸಿ ನೋಡಬೇಕು. ಬಾಯಿಕಳಕ ಕೊಕ್ಕರೆಯ ಕೊಕ್ಕಿನ ಎರಡು ದಳ ತುದಿಯಲ್ಲಿ ಮುಟ್ಟುತ್ತವೆ, ನಡುವೆ ಮುಟ್ಟುವುದಿಲ್ಲ. ಬೆಳಕು ತೂರುವಷ್ಟು ಸಂದು. ಮರಿಗೆ ಈ ಸಂದಿರುವುದಿಲ್ಲ, ಬೆಳೆಯುತ್ತ ಬರುತ್ತದೆ. ಹುಳು ಸಿಕ್ಕಿತೆನ್ನಿ, ಮೇಲಿನ ದಳದಿಂದ ಚಿಪ್ಪನ್ನು ಕೆಸರಿಗೆ ಅದುಮಿ ಹಿಡಿಯುತ್ತದೆ, ಕೆಳಗಿನದರ ಚೂಪು ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ ಒಳಗಿನ ಸ್ನಾಯು ಕತ್ತರಿಸಿ ಮಾಂಸ ಎಳೆದುಕೊಳ್ಳುತ್ತದೆ. ಚಿಪ್ಪು ಹೆಚ್ಚಾಗಿ ಒಡೆಯುವುದೇ ಇಲ್ಲ.

‘ಇವೆಲ್ಲ ಸೈಬೀರಿಯಾದಿಂದ ಬತ್ತವೆ’ ಎಂಬ ಮಾತು ದೋಣಿಯಲ್ಲಿ ಕೇಳಿಬರುತ್ತದೆ. ದೂರದೇಶದ ಅತಿಥಿಗಳು ಚಳಿಗಾಲದಲ್ಲಿ ಬರುವುದುಂಟು. ಆದರೆ ಮರ ತುಂಬ ಗೂಡು ಕಟ್ಟಿ ಸಂಸಾರ ಹೂಡುವ ಬಾಯಿಕಳಕ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ನಮ್ಮ ದೇಶದವೇ. ಕೊನೆಯ ಎರಡು ಮದ್ದೂರಿನ ಕೊಕ್ಕರೆಬೆಳ್ಳೂರಿನಲ್ಲೂ ಹುಣಸೆಮರದ ಮೇಲೆ ಮರಿ ಮಾಡುತ್ತವೆ.

1799ರಲ್ಲಿ ಕೋಟೆಯ ಕಾಲ ಮುಗಿಯಿತು. ಇಂಗ್ಲಿಷರ ದಂಡು ಬಂದು ಬೀಡುಬಿಟ್ಟದ್ದು ಪಟ್ಟಣದ ಪಶ್ಚಿಮಕ್ಕೆ. ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆ ತೋಪಿನಲ್ಲಿ, ನಾಲೆಯ ಏರಿಯ ಮರೆಯಲ್ಲಿ ನಿಂತ ಟಿಪ್ಪುವಿನ ಸೈನಿಕರ ಕೈಯಲ್ಲಿ ಕರ್ನಲ್ ವೆಲ್ಲೆಸ್ಲಿ ಪೆಟ್ಟು ತಿಂದು ಹಿಂದೆಗೆದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಈತನೇ. ಮೇ 4ರಂದು, ಬೇಸಿಗೆಯ ಹೊಳೆ ಇಳಿದಿದ್ದಾಗ, ಬಂಡೆಗಳ ನಡುವೆ ಕಾಲ್ನಡೆಯಲ್ಲೇ ದಾಟಿ ಬಂದ ದಂಡು ಪಶ್ಚಿಮದ ಗೋಡೆಯ ಒಡಕಿನಿಂದ ಒಳನುಗ್ಗಿತು. ರಾಜಧಾನಿ ಮೈಸೂರಿಗೆ ಮರಳಿತು, ಪಟ್ಟಣ ಬಣಗುಟ್ಟಿತು. ನಾಲೆ ಮಾತ್ರ ಹರಿಯುತ್ತಲೇ ಇತ್ತು. ರೈತನಿಗೆ ಗದ್ದೆ ಇರುವವರೆಗೂ ಕಟ್ಟೆಯ ದುರಸ್ತಿ ನಿಲ್ಲುವುದಿಲ್ಲ. ಕೋಟೆ ಹಾಳಾದರೂ ತಿಟ್ಟು ಉಳಿದದ್ದು ಹೀಗೆ.

ಹಕ್ಕಿಗಳ ಈ ಬೀಡನ್ನು ಹೊರಲೋಕ ಕಂಡದ್ದು ತಡವಾಗಿ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ, ಇದನ್ನು ಕಾಪಾಡಬೇಕೆಂದು ಅರಮನೆಗೆ ಹೇಳಿದರು. ಅರಮನೆ ಕೇಳಿತು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವಿಸ್ತೀರ್ಣ ಬರೀ 0.67 ಚದರ ಕಿಲೋಮೀಟರ್. 2022ರಲ್ಲಿ ಸುತ್ತಲ ಹೊಳೆಯೂ ಸೇರಿ ಸುಮಾರು 518 ಹೆಕ್ಟೇರ್ ಜಾಗ ರಾಮ್‌ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಲ್ಲೇ ಮೊದಲನೆಯದು. ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ್ದವು. ಹಕ್ಕಿಗೊಂದು ಪಟ್ಟಿ, ಕಲ್ಲಿಗೊಂದು ಪಟ್ಟಿ. ಎರಡನ್ನೂ ಹೊಲಿಯುವ ಕಟ್ಟೆ, ನಾಲೆಗಳ ಕಥೆ ಹೇಳುವ ಒಂದು ನೆಟ್ಟಗಿನ ಫಲಕ ಪಕ್ಷಿಧಾಮದ ಬಾಗಿಲಲ್ಲೂ ಕೋಟೆಯ ಬಾಗಿಲಲ್ಲೂ ಇರಲೇಬೇಕು.

ಕಲ್ಲು, ನೀರು ಎರಡನ್ನೂ ಒಟ್ಟಿಗೆ ತೋರಿಸುವ ಜಾಗಗಳೂ ಇವೆ. ಇಸ್ರೇಲಿನ ಉತ್ತರದ ತುದಿಯಲ್ಲಿ ತೆಲ್ ದಾನ್ ಎಂಬ ದಿಬ್ಬವಿದೆ. ಬೈಬಲ್ಲಿನಲ್ಲಿ ಬರುವ ದಾನ್ ಪಟ್ಟಣ ಅದು. 1966ರಿಂದ ಪುರಾತತ್ವಜ್ಞ ಅವ್ರಹಾಂ ಬಿರಾನ್ ಅಲ್ಲಿ ಅಗೆಸಿದರು. ದಾವೀದನ ಮನೆತನದ ಹೆಸರಿರುವ ಶಾಸನದ ತುಂಡು 1993ರಲ್ಲಿ ಅಲ್ಲಿ ಸಿಕ್ಕಿತು. ಜೋರ್ಡನ್ ನದಿಗೆ ನೀರೂಡುವ ಒರತೆಗಳೂ ಅಲ್ಲೇ. ದಿಬ್ಬ, ಒರತೆ, ಕಾಡು ಎಲ್ಲ ಸೇರಿ ಅಲ್ಲಿ ಒಂದೇ ರಕ್ಷಿತಧಾಮ, ಒಂದೇ ಕಾಲುದಾರಿ. ಊರು ಏಕೆ ಹುಟ್ಟಿತೆಂಬುದು ನೀರು ಕಂಡಾಗಲೇ ತಿಳಿಯುತ್ತದೆ. ನಮ್ಮಲ್ಲಿ ಕೋಟೆ, ಹಕ್ಕಿ ಎರಡೂ ಒಂದೇ ತಾಲ್ಲೂಕಿನಲ್ಲಿದ್ದೂ ದೂರ.

ಇವತ್ತು ತಿಟ್ಟುಗಳ ಹಣೆಬರಹ ಮೇಲುಗಡೆಯ ಇನ್ನೊಂದು ಕಟ್ಟೆಯ ಕೈಯಲ್ಲಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ದಾಟಿ ಬರುವ ಹೇಮಾವತಿ, ಕೊಡಗಿನ ಕಾವೇರಿ, ಎರಡೂ ಸೇರುವುದು ಕೃಷ್ಣರಾಜಸಾಗರಕ್ಕೆ. ಮಳೆ ಜೋರಾಗಿ ಅಲ್ಲಿ ಗೇಟು ಎತ್ತಿದರೆ ಇಲ್ಲಿ ತಿಟ್ಟು ಮುಳುಗುತ್ತದೆ, ತಗ್ಗಿನ ಗೂಡುಗಳು ತೇಲಿಹೋಗುತ್ತವೆ. ಕೊಚ್ಚಿಹೋದ ಅಂಚುಗಳಿಗೆ ಮರಳುಮೂಟೆ ಒಟ್ಟಿ ಅರಣ್ಯದವರು ತಿಟ್ಟು ಉಳಿಸಿಕೊಂಡದ್ದೂ ಉಂಟು.

ಹೋಗುವವರಿಗೆ ಒಂದು ಮಾತು. ಬೆಳಿಗ್ಗೆ ಮೊದಲು ರಂಗನತಿಟ್ಟು ನೋಡಿ, ಆಮೇಲೆ ಕೋಟೆಗೆ ಬಂದು ಪಶ್ಚಿಮದ ಗೋಡೆಯ ಬಳಿ ಹೊಳೆಗೆ ಮುಖಮಾಡಿ ನಿಲ್ಲಿ. ಗೂಡುಗಳು ತುಂಬಿರುವುದು ಚಳಿಗಾಲ ಮುಗಿಯುವ ಹೊತ್ತಿನಿಂದ ಮುಂಗಾರಿನವರೆಗೆ. ಮಳೆಗಾಲದಲ್ಲಾದರೆ ಹೊರಡುವ ಮುಂಚೆ ಪತ್ರಿಕೆಯಲ್ಲಿ ಕೆಆರ್‌ಎಸ್ ಹೊರಹರಿವು ಎಷ್ಟೆಂದು ನೋಡಿಕೊಳ್ಳಿ. ಹೊಳೆ ತುಂಬಿದ ದಿನ ದೋಣಿ ಬಿಡುವುದಿಲ್ಲ.