ಮದ್ದಿನ ಮೇಲಿನ ಮಣ್ಣು

ವಾಡಿ, ಸೇಡಂ, ಚಿಂಚೋಳಿ ಕಡೆಯ ಸಿಮೆಂಟ್ ಗಣಿಗಳಲ್ಲಿ ಸುಣ್ಣಕಲ್ಲು ಸಿಡಿಸುವಾಗ ಎಲ್ಲರ ಗಮನ ಮದ್ದಿನ ಮೇಲೆ. ಆದರೆ ಬಂಡೆ ಇದ್ದಲ್ಲೇ ಒಡೆಯುವುದೋ, ಊರಿನತ್ತ ಹಾರುವುದೋ ಎಂಬುದು ಮದ್ದಲ್ಲದ ಒಂದು ವಸ್ತುವನ್ನೂ ಅವಲಂಬಿಸಿದೆ. ಅದು ಕುಳಿಯ ಬಾಯಿಗೆ ತುಂಬುವ ಮಣ್ಣು, ಮರಳು, ಕಲ್ಲುಪುಡಿ. ಗಣಿಯವರ ಮಾತಿನಲ್ಲಿ ಸ್ಟೆಮಿಂಗ್.

ಮಲೆನಾಡಿನ ಕೇಪಿನ ಕೋವಿ ಬಲ್ಲವರಿಗೆ ಈ ತತ್ವ ಹೊಸದಲ್ಲ. ಮದ್ದಿನ ಮೇಲೆ ತೆಂಗಿನ ನಾರು ಜಡಿದು ಆಮೇಲೆ ಚರೆ ಹಾಕುತ್ತಿದ್ದರು. ನಾರು ಸಡಿಲವಾದರೆ ಅನಿಲ ಚರೆಗಳ ಸಂದಿಯಲ್ಲಿ ನುಸುಳಿ ಏಟಿನ ಬಲ ಕುಂದುತ್ತಿತ್ತು. ಕಾರ್ಖಾನೆಯ ತೋಟಾದಲ್ಲಿ ಅದೇ ಕೆಲಸವನ್ನು ಉಣ್ಣೆಯ ಬಿಲ್ಲೆಯೋ ಪ್ಲಾಸ್ಟಿಕ್ ಬಟ್ಟಲೋ ಮಾಡುತ್ತದೆ.

ಕೋವಿಯಲ್ಲಿ ಚರೆ ಹಾರಬೇಕು. ಗಣಿಯಲ್ಲಿ ಕಲ್ಲು ಹಾರಬಾರದು. ಸ್ಟೆಮಿಂಗ್ ಕಡಿಮೆಯಾದರೆ ಅನಿಲ ಬಾಯಿಂದಲೇ ನುಗ್ಗುತ್ತದೆ. ಕುಳಿಯೇ ನಳಿಗೆ, ಜಲ್ಲಿಯೇ ಚರೆ. ಅತಿಯಾದರೆ ಮೇಲ್ಪದರ ಪುಡಿಯಾಗದೆ ದೊಡ್ಡ ಗುಂಡುಗಳಾಗಿ ಉಳಿಯುತ್ತದೆ. ಕೊರೆಯುವಾಗ ಬಂದ ಪುಡಿ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಮೂಲೆಗಳುಳ್ಳ ಒರಟು ಜಲ್ಲಿ ಒಂದನ್ನೊಂದು ಕಚ್ಚಿಕೊಂಡು ಅದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲಿ ಉಳಿಸಿದ ಕಾಸು ಉಳಿತಾಯವಲ್ಲ. ಹೆಸರು ಲೋಹದ್ದಾದರೂ ಸುಣ್ಣಕಲ್ಲಿಗೂ ಅನ್ವಯಿಸಿದ 1961ರ ಲೋಹ ಗಣಿಗಳ ನಿಯಮಾವಳಿ, ತುಂಬುವ ಕೆಲಸಕ್ಕೆ ಕಬ್ಬಿಣದ ಸಲಾಕೆ ಮುಟ್ಟಬಾರದೆಂದಿತು. ಒಂದು ಕಿಡಿ ಸಾಕಲ್ಲ!

ಇದೇ ಭೀಮಾ ಶಿಲಾವರ್ಗಕ್ಕೆ ಸೇರಿದ, ಶಹಾಬಾದ್, ಚಿತ್ತಾಪುರದ ಫರಸಿಕಲ್ಲಿಗೆ ಮಾತ್ರ ಈ ಲೆಕ್ಕವೇ ಬೇಡ. ಮದ್ದಿಟ್ಟರೆ ಹಾಸುಗಲ್ಲು ಬಿರುಕುಬಿಟ್ಟು ಮನೆಯ ನೆಲಕ್ಕೆ ಬಾರದು. ಅಲ್ಲಿ ಪದರದ ಸಂದಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಡಿದು, ಹಾರೆಯಿಂದ ಮೀಟಿ ಚಪ್ಪಡಿಯನ್ನು ಎಬ್ಬಿಸುತ್ತಾರೆ.