ಕಬಡ್ಡಿ ರೈಡರ್‌ಗೆ ವಯಸ್ಸಾದಾಗ

ಕಬಡ್ಡಿಯಲ್ಲಿ ಒಂದು ರೈಡ್‌ಗೆ ಸಿಗುವುದು 30 ಸೆಕೆಂಡ್. ಅಷ್ಟರೊಳಗೆ ರೈಡರ್ ನುಗ್ಗಬೇಕು, ಗಕ್ಕನೆ ನಿಂತು ದಿಕ್ಕು ಬದಲಿಸಬೇಕು, ಕಾಲು ಹಿಡಿದವನನ್ನು ಎಳೆದುಕೊಂಡೇ ನಡುಗೆರೆ ಮುಟ್ಟಬೇಕು. ಭಾರವೆಲ್ಲ ಬೀಳುವುದು ಮೊಣಕಾಲಿನ ಮೇಲೆ. ಮಣ್ಣಿನ ಅಂಕಣದಲ್ಲಿ ಪಾದ ತುಸು ಜಾರುತ್ತದೆ; ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ಪಾದ ಅಲ್ಲೇ ನಿಂತು ದೇಹ ಮಾತ್ರ ತಿರುಗಿದರೆ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಬಹುದು.

ಮೂವತ್ತು ದಾಟುತ್ತಿದ್ದಂತೆ ಸ್ನಾಯುಗಳ ಸ್ಫೋಟಕ ವೇಗ ಇಳಿಯತೊಡಗುತ್ತದೆ, ಪೆಟ್ಟು ಮಾಯಲು ಹೆಚ್ಚು ದಿನ ಹಿಡಿಯುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗಳ ಪಾಡೂ ಇದೇ; ಹೆಚ್ಚಿನವರು ಮೂವತ್ತಕ್ಕೂ ಮೊದಲೇ ಕಳೆಗುಂದುತ್ತಾರೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಕಬಡ್ಡಿ ಹುಡುಗರು ಪಳಗುವುದು ಹೊನಲು ಬೆಳಕಿನ ಪಂದ್ಯಾಟಗಳಲ್ಲಿ. ಅಲ್ಲಿ ಒಂದೇ ರಾತ್ರಿ ಹಲವು ಪಂದ್ಯ ಆಡಬೇಕಾಗುತ್ತದೆ, ಮಂಡಿಗೆ ವಿಶ್ರಾಂತಿಯೇ ಇಲ್ಲ. ಇದು ನಿಜಕ್ಕೂ ಚಿಂತಿಸಬೇಕಾದ ವಿಷಯ.

ವೇಗ ಇಳಿದರೂ ಅಂಕಣ ಓದುವ ಕಣ್ಣು ಹರಿತವಾಗುತ್ತದೆ. ಹಿರಿಯ ರೈಡರ್‌ಗಳು ಬೋನಸ್ ಅಂಕ, ಅಂಕ ಗಳಿಸಲೇಬೇಕಾದ ಡೂ-ಆರ್-ಡೈ ರೈಡ್, ನಾಯಕತ್ವದತ್ತ ಹೊರಳುತ್ತಾರೆ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ನಾಯಕರಾಗಿದ್ದರು. ತಂಡ 2022ರ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತಿತು. ಭಾರತದ ನಾಯಕರಾಗಿದ್ದ ಅನೂಪ್ ಕುಮಾರ್ 2018ರಲ್ಲಿ, 35ನೇ ವಯಸ್ಸಿಗೆ ಆಟ ನಿಲ್ಲಿಸಿ, ಮರುವರ್ಷ ಪುಣೇರಿ ಪಲ್ಟನ್‌ಗೆ ಕೋಚ್ ಆದರು.