ಹುಲಿಕೊಳದ ನೆಂಟಸ್ತನ

ಮಂಗಳೂರಿನ ಶಕ್ತಿನಗರದಿಂದ ವಾಮಂಜೂರಿನತ್ತ ಹೊರಟರೆ ಕೆಲವೇ ಕಿಲೋಮೀಟರುಗಳಲ್ಲಿ ಪಿಲಿಕುಳ ನಿಸರ್ಗಧಾಮವು ದೊರೆಯುತ್ತದೆ. ತುಳುವಿನಲ್ಲಿ 'ಪಿಲಿ' ಎಂದರೆ ಹುಲಿ. ಹುಲಿಗಳ ಕೊಳವೇ ಪಿಲಿಕುಳ. ಡಾ. ಶಿವರಾಮ ಕಾರಂತರ ಹೆಸರನ್ನು ಹೊತ್ತಿರುವ ಈ ಧಾಮದ ಜೈವಿಕ ಉದ್ಯಾನದಲ್ಲಿ ಹುಲಿ, ಚಿರತೆ, ಜಿಂಕೆಗಳಿವೆ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಯಿಂದಲೂ ಇದು ಹೆಸರಾಗಿದೆ.

ರಜೆಯ ದಿನ ಮಕ್ಕಳನ್ನು ಕರೆದೊಯ್ದು, ಟಿಕೇಟು ಕೊಂಡು, ಹುಲಿಯನ್ನು ಕಂಡು ಮನೆಗೆ ಮರಳುವುದು ನಮ್ಮೆಲ್ಲರ ರೂಢಿ. ಕೆಲವರು ಅಷ್ಟಕ್ಕೇ ನಿಲ್ಲದೆ ಇಂತಹ ಉದ್ಯಾನಗಳಲ್ಲಿ ಪ್ರಾಣಿಯೊಂದನ್ನು ದತ್ತು ಪಡೆಯುತ್ತಾರೆ. ದತ್ತು ಎಂದರೆ ಮನೆಗೆ ತರುವುದಲ್ಲ. ಗೊತ್ತಾದ ಅವಧಿಗೆ ಅದರ ಆಹಾರ, ಆರೈಕೆಗಳ ವೆಚ್ಚವನ್ನು ವಹಿಸಿಕೊಳ್ಳುವುದು. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿಯೂ ಇದೇ ಏರ್ಪಾಡಿದೆ. ಆನೆಗೆ ಲಕ್ಷದ ಲೆಕ್ಕವಾದರೆ, ಸಣ್ಣ ಪಕ್ಷಿಗೆ ಸಾಧಾರಣ ಸಂಸಾರಕ್ಕೂ ಎಟುಕುವ ಮೊತ್ತ.

ಜನರು ಹೀಗೇಕೆ ಸೇರುತ್ತಾರೆ? ಪ್ರವೇಶದ ಪಾಸು, ಪ್ರಮಾಣಪತ್ರಗಳ ಆಕರ್ಷಣೆ ಇಲ್ಲವೆನ್ನಲಾಗದು. ಆದರೆ ಪಾಸಿನ ಆಸೆಗೇ ಇಷ್ಟು ಹಣ ತೆರುವವರು ವಿರಳ. ಟಿಕೇಟು ಕೊಂಡವನಿಗೆ ಚಿರತೆಯು ಒಂದು ಗಳಿಗೆಯ ನೋಟ. ಅದರ ಊಟಕ್ಕೆ ಪಾಲು ಕೊಟ್ಟವನು ಮಳೆಗಾಲದಲ್ಲಿ ಅದು ಹೇಗಿದೆಯೋ ಎಂದು ವಿಚಾರಿಸುತ್ತಾನೆ. 2020ರಲ್ಲಿ ಕೊರೋನಾದಿಂದ ಮೃಗಾಲಯಗಳ ಬಾಗಿಲು ಮುಚ್ಚಿ ಟಿಕೇಟಿನ ಆದಾಯ ನಿಂತಿತು. ಪ್ರಾಣಿಗಳ ಹಸಿವು ನಿಲ್ಲಲಿಲ್ಲ. 2021ರ ಜೂನ್ ತಿಂಗಳಲ್ಲಿ ಚಿತ್ರನಟರೊಬ್ಬರ ಕರೆಗೆ ಓಗೊಟ್ಟು ನಾಡಿನ ಹಲವೆಡೆಗಳಿಂದ ಜನರು ದತ್ತು ಪಡೆಯಲು ಮುಂದಾದರು. ನೋಡಲು ಅವಕಾಶವೇ ಇಲ್ಲದಾಗ ಕೊಟ್ಟ ಹಣವದು.

ನಮ್ಮ ಮನೆಗಳಲ್ಲಿ ಮಾತ್ರ ಒಂದು ಅಳುಕುಂಟು. ಮಾಂಸವನ್ನು ಮುಟ್ಟದ ನಾವು ಹುಲಿಯ ಮಾಂಸಕ್ಕೆ ಹಣ ಕೊಡುವುದೆಂತು? ಹಿರಿಯರು ಕೇಳುವ ಈ ಪ್ರಶ್ನೆಯನ್ನು ನಕ್ಕು ತಳ್ಳಲಾಗದು. ಹುಲಿಗೆ ಹುಲ್ಲನ್ನಿಕ್ಕುವುದು ದಯೆಯಲ್ಲ, ಅದರ ಕೊಲೆ ಎಂದೇ ನಮ್ಮ ಎಣಿಕೆ. ಆದರೂ ಮನಸ್ಸೊಪ್ಪದವರನ್ನು ಒತ್ತಾಯಿಸಬೇಕಿಲ್ಲ, ಜಿಂಕೆಯಿದೆ, ಗಿಳಿಯಿದೆ.

ಇನ್ನೊಂದು ಮಾತು ಹೆಸರಿನದು. ದತ್ತು ಪಡೆದವರ ಹೆಸರನ್ನು ಫಲಕದಲ್ಲಿ ಬರೆಯುವುದುಂಟು. 'ನಾನು ಕೊಟ್ಟೆ' ಎಂಬುದು ಅಳಿದಲ್ಲದೆ ದಾಸೋಹವಾಗದೆಂದು ಶರಣರ ಮಾರ್ಗವನ್ನು ಬಲ್ಲವರು ಆಕ್ಷೇಪಿಸಬಹುದು. (ನಮ್ಮ ಪ್ರಸಾದ ನಿಲಯಗಳ ಗೋಡೆಗಳಲ್ಲಿಯೂ ದಾನಿಗಳ ಹೆಸರಿನ ಕಲ್ಲುಗಳಿವೆಯಷ್ಟೆ!) ಮಗುವಿನ ಹೆಸರಿನಲ್ಲಿ ದತ್ತು ಪಡೆದರೆ ಆ ಫಲಕಕ್ಕೆ ಬೇರೆಯೇ ಅರ್ಥ ಬರುತ್ತದೆ: ಮಗುವು ಅದನ್ನು ಓದಿಕೊಂಡು ಆ ಜೀವಿಯನ್ನು ಕಾಣಲು ಮತ್ತೆ ಬರುತ್ತದೆ. ಹುಟ್ಟುಹಬ್ಬದ ಕೇಕು, ಬಲೂನುಗಳ ಖರ್ಚಿನಲ್ಲಿ ಒಂದಂಶ ಇದಕ್ಕೆ ಸಾಲುವುದುಂಟು. ಮೊತ್ತಗಳು ಕಾಲಕಾಲಕ್ಕೆ ಬದಲಾಗುವುದರಿಂದ ಉದ್ಯಾನದ ಕಚೇರಿಯಲ್ಲಿಯೇ ವಿಚಾರಿಸುವುದು ಲೇಸು.